ಇಪ್ಪತ್ತು ನಿಮಿಷದ ನಗೆಗೊಂದು ಕಡತ

ನಮ್ಮಪ್ಪನ ಹತ್ತಿರ ಮೂರು ಥರದ ಕ್ಯಾಸೆಟ್ಟುಗಳಿದ್ದವು. ದಾಸರ ಪದ, ರಾಜಕುಮಾರ್ ಹಾಡು, ಮಾಸ್ಟರ್ ಹಿರಣ್ಣಯ್ಯನವರ ನಾಟಕ. ಮೊದಲೆರಡು ಹಜಾರದ ಗೂಡಿನಲ್ಲಿ ಇರುತ್ತಿದ್ದವು, ಮೂರನೆಯದು ಬೀರುವಿನಲ್ಲಿ, ಬೀಗದೊಳಗೆ. ಅದರಲ್ಲಿ ಮಕ್ಕಳು ಕೇಳಬಾರದ್ದು ಏನೂ ಇರಲಿಲ್ಲ. ಅಪ್ಪ ಸರ್ಕಾರಿ ನೌಕರ, ಪಕ್ಕದ ಮನೆಯಲ್ಲಿದ್ದವರು ಅವರ ಸಾಹೇಬರು, ಅಷ್ಟೇ. ರಾತ್ರಿ ಊಟವಾದ ಮೇಲೆ ಕಿಟಕಿ ಮುಚ್ಚಿ, ವಾಲ್ಯೂಮ್ ಇಳಿಸಿ ‘ಲಂಚಾವತಾರ’ ಹಾಕುತ್ತಿದ್ದರು. ತಗೊಳ್ಳುವವರು ಕಿಟಕಿ ತೆರೆದುಕೊಂಡೇ ತಗೊಳ್ಳುತ್ತಿದ್ದ ಕಾಲದಲ್ಲಿ, ಅದನ್ನು ಬೈಯುವ ಕ್ಯಾಸೆಟ್ಟನ್ನು ನಮ್ಮಪ್ಪ ಕಿಟಕಿ ಮುಚ್ಚಿ ಕೇಳುತ್ತಿದ್ದರು.

ಅಪ್ಪನ ಕೆಲಸವೇ ನನಗೂ ಬಂತು. ಖಾತೆ, ಪಹಣಿ, ಪೋಡಿ ಎಂದು ಜನ ಓಡಾಡುವ ಕಚೇರಿ. 2019ರ ಮೇ 2ರಂದು ಹಿರಣ್ಣಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡ ಸುದ್ದಿಯನ್ನು ಟೀ ಹೊತ್ತಿನಲ್ಲಿ ಮೊಬೈಲಿನಲ್ಲಿ ಓದಿದ್ದು ನಾನೇ. ನಮ್ಮ ಸೆಕ್ಷನ್ನಿನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, “ಇನ್ನು ನಮ್ಮನ್ನ ಬೈಯೋರು ಯಾರ್ರೀ ಇದಾರೆ” ಅಂದರು. ತಮಾಷೆಗೇ ಅಂದದ್ದು. ಆದರೆ ಅದು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಸೆಪ್ಟೆಂಬರಿನಲ್ಲಿ ರಾಜ್ಯೋತ್ಸವದ ಸಭೆ ಕರೆದಾಗ, ಈ ಸಲ ಆರ್ಕೆಸ್ಟ್ರಾ ಬೇಡ, ಹಿರಣ್ಣಯ್ಯನವರ ನೆನಪಿಗೆ ನಾವೇ ಒಂದು ನಾಟಕ ಆಡೋಣ ಎಂದು ಎದ್ದು ನಿಂತು ಹೇಳಿಬಿಟ್ಟೆ. ಯಾರೂ ಬೇಡ ಅನ್ನಲಿಲ್ಲ. ಆರ್ಕೆಸ್ಟ್ರಾಕ್ಕಾದರೆ ಚಂದಾ ಎತ್ತಬೇಕಿತ್ತು.

ನಾಟಕವೆಂದರೆ ನನಗೆ ಗೊತ್ತಿದ್ದುದು ಕ್ಯಾಸೆಟ್ಟು ಮಾತ್ರ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಪೆಂಡಾಲಿನ ಹಿಂದಿನ ಸಾಲಿನಲ್ಲಿ ನಿಂತು ಅವರನ್ನು ನೋಡಿದ್ದೆ. ಮುಖ ಸರಿಯಾಗಿ ಕಂಡಿರಲಿಲ್ಲ. ಜನ ನಕ್ಕು ಮುಗಿಸುವ ಮುಂಚೆಯೇ ಮುಂದಿನ ಮಾತು ಬಂದು ಬಡಿಯುತ್ತಿದ್ದುದು ನೆನಪಿದೆ. ಮುಂದಿನ ಸಾಲಿನ ಸೋಫಾದಲ್ಲಿ ಕೂತ ಗಣ್ಯರಿಗೆ ಸಿಟ್ಟು ಮಾಡಿಕೊಳ್ಳೋಣವೆಂದರೂ ಬಿಡುವು ಸಿಗುತ್ತಿರಲಿಲ್ಲ. ಮೊದಲನೇ ಏಟು ಯಾರಿಗೆ ಬಿತ್ತೆಂದು ತಿರುಗಿ ನೋಡುವಷ್ಟರಲ್ಲಿ ನಾಲ್ಕನೆಯದು ಬಿದ್ದಿರುತ್ತಿತ್ತು. ಆಮೇಲೆ ತಿರುಗಿ ಜನರನ್ನೇ ಬೈದರು. ವೋಟು ಮಾರಿಕೊಂಡ ನಿಮಗೇನು ಯೋಗ್ಯತೆ ಎಂಬ ಧಾಟಿಯಲ್ಲಿ. ದುಡ್ಡು ಕೊಟ್ಟು ಬಂದು ಬೈಸಿಕೊಂಡ ಜನ ಚಪ್ಪಾಳೆ ಹೊಡೆದರು.

‘ಲಂಚಾವತಾರ’ವನ್ನೇ ಆಡುವ ಯೋಚನೆ ಎರಡು ದಿನದಲ್ಲಿ ಬಿದ್ದುಹೋಯಿತು. ಅದು ಗಂಟೆಗಟ್ಟಲೆ ಆಡುವ ನಾಟಕ, 10 ಸಾವಿರಕ್ಕೂ ಮೀರಿ ಪ್ರದರ್ಶನ ಕಂಡದ್ದೆಂದು ಹೇಳುತ್ತಾರೆ. ನಮಗೆ ಸಿಕ್ಕಿದ್ದು ಧ್ವಜಾರೋಹಣಕ್ಕೂ ಊಟಕ್ಕೂ ನಡುವಿನ ಇಪ್ಪತ್ತು ನಿಮಿಷ. ಹಾಗಾಗಿ ನಾನೇ ಒಂದು ಸಣ್ಣ ಪ್ರಹಸನ ಬರೆದೆ. ಗುಮಾಸ್ತನ ಮೇಜು, ಅರ್ಜಿ ಹಿಡಿದು ಬಂದ ಹೆಂಗಸು, ಕೊನೆಗೆ ರೇಡು. ಗುಮಾಸ್ತ ನಾನು. ಅರ್ಜಿದಾರಳಾಗಿ ನಮ್ಮ ಟಪಾಲು ಸೆಕ್ಷನ್ನಿನ ಮೇಡಂ. ಇನ್ಸ್‌ಪೆಕ್ಟರ್ ಪಾತ್ರಕ್ಕೆ ಅಟೆಂಡರ್, ಅವನಿಗೊಬ್ಬನಿಗೇ ಮೀಸೆ ಇದ್ದದ್ದು.

ಕಲಿಸಲು ಒಬ್ಬ ಡ್ರಾಮಾ ಮೇಷ್ಟ್ರನ್ನು ಹಿಡಿದೆವು. ಹರೆಯದಲ್ಲಿ ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಬಾರಿಸಿಕೊಂಡಿದ್ದವರು, ಆಮೇಲೆ ಊರೂರು ತಿರುಗಿ ‘ಕುರುಕ್ಷೇತ್ರ’ ಕಲಿಸಿಕೊಂಡು ಬದುಕಿದವರು. ನಮ್ಮ ಕಡೆ ಹಳ್ಳಿ ನಾಟಕದಲ್ಲಿ ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ. ದುರ್ಯೋಧನನ ಪಾತ್ರಕ್ಕೆ ಒಂದು ರೇಟು, ದ್ವಾರಪಾಲಕನಿಗೆ ಇನ್ನೊಂದು. “ನಿಮ್ಮಾಫೀಸಲ್ಲೂ ಹಂಗೇ ಅಲ್ವೇನಪ್ಪಾ?” ಅಂದರು ಮೊದಲ ದಿನವೇ, ಹಾರ್ಮೋನಿಯಂ ಬಿಚ್ಚುತ್ತಾ. ಇವರಿಗೆ ಪಾತ್ರ ಕೊಡದೆ ತಪ್ಪು ಮಾಡಿದೆವು ಅನ್ನಿಸಿತು.

ರಿಹರ್ಸಲ್ಲು ಸಂಜೆ ಆರಕ್ಕೆ, ರೆಕಾರ್ಡ್ ರೂಮಿನಲ್ಲಿ. ನಾನು ಬಾಯಿ ತೆಗೆದದ್ದೇ ಹಿರಣ್ಣಯ್ಯನವರ ಧಾಟಿಯಲ್ಲಿ. ಅದೇ ವೇಗ, ಅದೇ ಎಳೆತ, ಕೊನೆಯ ಪದವನ್ನು ಎತ್ತಿ ಒಗೆಯುವ ಅದೇ ರೀತಿ. ಮೂವತ್ತು ವರ್ಷ ಕೇಳಿದ್ದಲ್ಲವೇ. ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ನಗಲಿಲ್ಲ. “ಮಿಮಿಕ್ರಿ ಚೆನ್ನಾಗದೆ. ಇವ್ರು ನಕ್ಕಿದ್ದು ಅವರನ್ನ ನೆನೆಸ್ಕೊಂಡು. ನೀನು ಏನಂದೆ ಅಂತ ಒಬ್ಬರಾದ್ರೂ ಹೇಳ್ಲಿ ನೋಡಣ” ಅಂದರು. ಯಾರಿಗೂ ಹೇಳಲಾಗಲಿಲ್ಲ.

ಮರುದಿನದಿಂದ ಉಸಿರಿನ ಪಾಠ. ಖಾತೆ ಬದಲಾವಣೆಗೆ ಬೇಕಾದ ದಾಖಲೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಬೇಕು. ಅರ್ಜಿ, ಆಧಾರು, ಪಹಣಿ, ಮ್ಯುಟೇಶನ್ ನಕಲು, ವಂಶವೃಕ್ಷ, ಅಫಿಡವಿಟ್ಟು, ತಂದೆಯ ಮರಣ ಪ್ರಮಾಣಪತ್ರ, ತಂದೆ ಬದುಕಿದ್ದಲ್ಲಿ ಯಾಕೆ ಬದುಕಿದ್ದಾರೆಂಬ ವಿವರಣೆ. ಪಟ್ಟಿಯ ಕೊನೆಯದನ್ನು ಸೇರಿಸಿದ್ದು ಮೇಷ್ಟ್ರೇ. ನಾನು ವಂಶವೃಕ್ಷದ ಹತ್ತಿರವೇ ಉಸಿರು ಕಟ್ಟಿ ನಿಲ್ಲುತ್ತಿದ್ದೆ. ಹೊಟ್ಟೆಯಿಂದ ತಗೋ, ಎದೆಯಿಂದ ಬೇಡ ಎಂದು ಹಾರ್ಮೋನಿಯಂ ಮೇಲೆ ಒಂದು ಶ್ರುತಿ ಹಿಡಿದು ಕೂರುತ್ತಿದ್ದರು. ಶ್ರುತಿ ನಿಲ್ಲುವವರೆಗೆ ನಾನು ನಿಲ್ಲಿಸುವ ಹಾಗಿಲ್ಲ. ಹತ್ತು ದಿನವಾದರೂ ಅಫಿಡವಿಟ್ಟು ದಾಟಲಿಲ್ಲ.

“ಬಿಡಪ್ಪಾ,” ಅಂದರು ಒಂದು ದಿನ. “ಅದು ಅವರ ಉಸಿರು. ಅಪ್ಪ ಹೋದಾಗ ಇಪ್ಪತ್ತರ ಹುಡುಗ, ಕಂಪನಿ ತಲೆ ಮೇಲೆ ಬಿತ್ತು. ಹೊಟ್ಟೆಗೆ ಬೇಕು ಅಂದ್ರೆ ಉಸಿರು ತಾನಾಗೇ ಬರ್ತದೆ. ನಿನಗೆ ತಿಂಗಳಾದ್ರೆ ಸಂಬಳ ಬರ್ತದಲ್ಲ.”

ಮೈಸೂರಿನಲ್ಲಿ 1934ರಲ್ಲಿ ಹುಟ್ಟಿದ ನರಸಿಂಹಮೂರ್ತಿ ಎಂಬ ಹುಡುಗ ಮಾಸ್ಟರ್ ಹಿರಣ್ಣಯ್ಯನಾದದ್ದು ನನಗೆ ಅಲ್ಲಿಯವರೆಗೆ ಒಂದು ಮಾಹಿತಿ ಮಾತ್ರವಾಗಿತ್ತು. ತಂದೆ ಕೆ. ಹಿರಣ್ಣಯ್ಯನವರು ಹೆಸರಾದ ನಟ, ಮಿತ್ರ ಮಂಡಳಿ ಕಟ್ಟಿದವರು, ಪಿಟೀಲು ಚೌಡಯ್ಯನವರು ನಿರ್ಮಿಸಿದ 1943ರ ‘ವಾಣಿ’ ಚಿತ್ರದ ನಿರ್ದೇಶಕರು. ಮಗ ತಂದೆಯ ಮಂಡಳಿಯನ್ನೂ ಹೊತ್ತ, ಹೆಸರನ್ನೂ ಹೊತ್ತ. ರಾತ್ರಿ ಟಿಕೆಟ್ಟು ಹೋದರೆ ಬೆಳಿಗ್ಗೆ ಮಂಡಳಿಗೆ ಅನ್ನ. ಅಂಥ ಲೆಕ್ಕದಲ್ಲಿ ನಿಂತವನು ಮಂತ್ರಿಗಳನ್ನು ಬೈಯುವ ನಾಟಕ ಹಾಕಿದ್ದು ಧೈರ್ಯವೋ ಹುಂಬತನವೋ ನಾನು ಹೇಳಲಾರೆ. ನಾನಂತೂ ಆ ಹತ್ತು ದಿನದಲ್ಲಿ, ಸಾಹೇಬರ ಹೆಸರಿನ ಮೊದಲಕ್ಷರ ಬರುತ್ತದೆಂದು ಒಂದು ಪಾತ್ರದ ಹೆಸರನ್ನೇ ಬದಲಾಯಿಸಿದ್ದೆ.

ಮೇಷ್ಟ್ರು ದಾರಿ ಬದಲಿಸಿದರು. “ನಿಮ್ಮಾಫೀಸಲ್ಲಿ ಕಾಸು ಕೇಳೋನು ಹಿಂಗೆ ಬಡಬಡ ಮಾತಾಡ್ತಾನಾ?” ಎಂದು ಕೇಳಿದರು. ಇಲ್ಲ ಅಂದೆ. “ಮತ್ತೆ ಹೆಂಗೆ ಕೇಳ್ತಾನೆ?” ಕೇಳೋದೇ ಇಲ್ಲ ಮೇಷ್ಟ್ರೇ, ಅಂದೆ. ತಲೆ ಎತ್ತೋದಿಲ್ಲ. ಸರ್ವರ್ ಡೌನ್ ಅಂತಾನೆ. ನಾಳೆ ಬನ್ನಿ ಅಂತಾನೆ. ನಾಡಿದ್ದು ಎದುರಿನ ಟೀ ಅಂಗಡಿಯವನ ಫೋನ್‌ಪೇಗೆ ಏನೋ ಬೀಳುತ್ತದೆ, ಸರ್ವರ್ ಎದ್ದು ಕೂರುತ್ತದೆ. 2012ರಲ್ಲಿ ‘ಸಕಾಲ’ ಬಂದ ಮೇಲೆ ಪ್ರತಿ ಕೆಲಸಕ್ಕೂ ಇಷ್ಟು ದಿನ ಎಂದು ಗಡುವು ಇದೆ. ಹಾಗಾಗಿ ಈಗ ತಡ ಮಾಡುವುದಿಲ್ಲ, ‘ದಾಖಲೆ ಅಪೂರ್ಣ’ ಎಂದು ಗಡುವಿನೊಳಗೇ ತಿರಸ್ಕರಿಸುತ್ತಾರೆ.

ಮೇಷ್ಟ್ರು ಹಾರ್ಮೋನಿಯಮ್ಮಿನ ಮುಚ್ಚಳ ಹಾಕಿದರು. “ಹಂಗಾದ್ರೆ ಸುಮ್ನೆ ಕೂತ್ಕೊ. ತಲೆ ಎತ್ತಬೇಡ.”

ಅಲ್ಲಿಂದ ನಾಟಕ ಬೇರೆಯಾಯಿತು. ನಾನು ಕುರ್ಚಿಯಲ್ಲಿ ಕೂರುವುದು, ಕನ್ನಡಕ ಒರೆಸುವುದು, ಹಾಕಿಕೊಳ್ಳುವುದು, ಅರ್ಜಿದಾರಳು ಮೂರು ಸಲ “ಸಾರ್” ಅಂದರೂ ಫೈಲಿನಿಂದ ಕಣ್ಣು ಕೀಳದಿರುವುದು. ಇದನ್ನೇ ಒಂದು ವಾರ ಮಾಡಿಸಿದರು. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಹದಿನೆಂಟು ವರ್ಷ ಸರ್ಕಾರಿ ಸೇವೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಮಾತು ಬರುವುದು ನಾಲ್ಕನೇ ‘ಸಾರ್’ಗೆ.

“ನಿಮ್ಮ ಫೈಲು ಕೆಳಗಡೆ ಇದೆಯಮ್ಮ.”
“ಕೆಳಗಡೆ ಅಂದ್ರೆ?”
“ಬೇರೆ ಫೈಲುಗಳ ಕೆಳಗಡೆ.”
“ಮೇಲೆ ಬರೋಕೆ ಏನ್ ಮಾಡ್ಬೇಕು ಸಾರ್?”
“ಭಾರ ಇಡಬೇಕು. ನೀರಲ್ಲಿ ಭಾರ ಇಟ್ರೆ ಮುಳುಗುತ್ತೆ, ನಮ್ಮಲ್ಲಿ ಭಾರ ಇಟ್ರೆ ತೇಲುತ್ತೆ.”

ಈ ಮಾತು ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಟಪಾಲು ಮೇಡಂ ಇನ್ನೊಂದು ಸೇರಿಸಿದರು. ಅರ್ಜಿದಾರಳು ಬರೀ ಪಾಪದವಳಾಗಿದ್ದರೆ ತನಗೆ ಬೇಸರ, ಅವಳೂ ಸ್ವಲ್ಪ ಕಿಲಾಡಿಯಾಗಲಿ ಅಂದರು. ಹಾಗಾಗಿ ಭಾರ ಇಟ್ಟ ಮೇಲೆ ಅವಳು ಮೆಲ್ಲಗೆ ಬಗ್ಗಿ ಕೇಳುತ್ತಾಳೆ: “ಸಾರ್, ಪಕ್ಕದ ಜಮೀನಿನವರ ಫೈಲು ಇನ್ನೂ ಕೆಳಗೆ ತಳ್ಳೋಕೆ ಎಷ್ಟಾಗುತ್ತೆ?” ಹಿರಣ್ಣಯ್ಯನವರು ಜನರ ಕಡೆ ತಿರುಗಿ ಬೈಯುತ್ತಿದ್ದರಲ್ಲ, ಅದಕ್ಕೆ ಹತ್ತಿರ ಬಂದದ್ದು ನಮ್ಮ ಇಡೀ ನಾಟಕದಲ್ಲಿ ಈ ಒಂದು ಸಾಲು. ಅದು ನನ್ನದಲ್ಲ ಎಂಬ ಹೊಟ್ಟೆಕಿಚ್ಚು ಇವತ್ತಿಗೂ ಇದೆ.

ಇಷ್ಟರಲ್ಲಿ ಕಡತ ಶುರುವಾಯಿತು. ಕಚೇರಿ ಆವರಣದಲ್ಲಿ ನಡೆಯುವುದರಿಂದ ನಾಟಕದ ಪ್ರತಿಗೆ ಸಾಹೇಬರ ಅನುಮೋದನೆ ಬೇಕು ಎಂದು ಮ್ಯಾನೇಜರ್ ಪಟ್ಟು ಹಿಡಿದರು. ನಾನೇ ಟಿಪ್ಪಣಿ ಬರೆದೆ. ‘ವಿಷಯ: ಕನ್ನಡ ರಾಜ್ಯೋತ್ಸವದ ಅಂಗವಾಗಿ ಹಾಸ್ಯ ನಾಟಕ ಪ್ರದರ್ಶಿಸುವ ಬಗ್ಗೆ. ಸದರಿ ಹಾಸ್ಯದ ಪ್ರತಿಯನ್ನು ಲಗತ್ತಿಸಿ, ಸೂಕ್ತ ಆದೇಶಕ್ಕಾಗಿ ಕಡತ ಮಂಡಿಸಿದೆ.’ ನಾಲ್ಕು ದಿನದ ಮೇಲೆ ಹಸಿರು ಶಾಯಿಯಲ್ಲಿ ಒಂದೇ ಪದ ಬಂತು: ‘ಚರ್ಚಿಸಿ.’ ಚರ್ಚಿಸಲು ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಎರಡನೇ ಸಲ ಬಂದದ್ದು ಹೀಗೆ: ‘ಪುಟ 3ರಲ್ಲಿ ಭಾರ ಎಂಬ ಪದದ ಬದಲು ಸೂಕ್ತ ಪದ ಬಳಸುವುದು. ಪುಟ 4ರ ಹಾಸ್ಯ ಅಗತ್ಯವೇ? ಪರಿಶೀಲಿಸಿ ಮರುಮಂಡಿಸಿ.’

ಸಾಹೇಬರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಕೈ ಶುದ್ಧ ಎಂದೇ ಹೆಸರು. ಅದಕ್ಕೇ ಅವರಿಗೆ ಭಯ ಜಾಸ್ತಿ. ನಾಟಕವನ್ನು ಕಾಗದದ ಮೇಲೆ ಹಿಡಿಯಲು ಹೊರಟವರಲ್ಲಿ ಅವರು ಮೊದಲಿಗರೂ ಅಲ್ಲ. ಆಡಲಿರುವ ನಾಟಕ ಎಂಥದೆಂದು ವಿಚಾರಿಸಿ, ಬೇಡವೆನಿಸಿದರೆ ನಿಲ್ಲಿಸುವ ಅಧಿಕಾರವನ್ನು ಬ್ರಿಟಿಷರು 1876ರ ಕಾಯ್ದೆಯಲ್ಲೇ ಬರೆದಿಟ್ಟಿದ್ದರು. ದೇವರಾಜ ಅರಸು ಅವರ ಕಾಲದಲ್ಲಿ ಹಿರಣ್ಣಯ್ಯನವರ ನಾಟಕಕ್ಕೂ ಸರ್ಕಾರದ ಅಡ್ಡಿ ಬಂತು, ಅವರು ಕೋರ್ಟ್ ಮೆಟ್ಟಿಲು ಹತ್ತಿದರು. ಆದರೆ ಅವರ ವಿಷಯದಲ್ಲಿ ಪ್ರತಿ ತರಿಸಿ ಓದಿ ಏನು ಪ್ರಯೋಜನ? ಅವತ್ತು ಬೆಳಗಿನ ಪೇಪರಿನ ಸುದ್ದಿ ರಾತ್ರಿ ನಾಟಕದಲ್ಲಿ ಇರುತ್ತಿತ್ತು. ಮೇಷ್ಟ್ರು ಒಂದೇ ನಾಟಕವನ್ನು ಬೇರೆ ಬೇರೆ ಊರಲ್ಲಿ ನಾಲ್ಕೈದು ಸಲ ನೋಡಿದವರು. ಕಥೆ ಅದೇ, ಆದರೆ ಒಂದು ರಾತ್ರಿಯ ಮಾತು ಇನ್ನೊಂದು ರಾತ್ರಿ ಕೇಳಲಿಲ್ಲ ಎನ್ನುತ್ತಾರೆ. “ಬರೆದಿದ್ದು ಪೊಲೀಸರಿಗೆ, ಆಡಿದ್ದು ಜನಕ್ಕೆ” ಎಂಬುದು ಅವರ ವ್ಯಾಖ್ಯಾನ.

ನಾವು ಭಾರ ಇದ್ದಲ್ಲಿ ‘ತೂಕ’ ಎಂದು ತಿದ್ದಿ ಮರುಮಂಡಿಸಿದೆವು. ಪುಟ 4ರ ಹಾಸ್ಯ ಅಗತ್ಯವೆಂದು ಎಂಟು ಸಾಲಿನ ಸಮರ್ಥನೆ ಬರೆದೆ. ನಾಟಕಕ್ಕಿಂತ ಆ ಟಿಪ್ಪಣಿಯೇ ಚೆನ್ನಾಗಿತ್ತು ಎಂದು ಮೇಡಂ ಈಗಲೂ ಆಡಿಕೊಳ್ಳುತ್ತಾರೆ. ಅಕ್ಟೋಬರ್ 29ಕ್ಕೆ ‘ಒಪ್ಪಿದೆ’ ಬಂತು.

ಇನ್ನು ಕೊನೆಯ ದೃಶ್ಯ. ರೇಡಿನಲ್ಲಿ ಗುಮಾಸ್ತನ ಕೈ ತೊಳೆಸಿದಾಗ ನೀರು ನಿಜವಾಗಿಯೂ ಕೆಂಪಾಗಬೇಕು ಎಂದು ಅಟೆಂಡರ್ ಹಟ ಹಿಡಿದ. ಆಗ ಬಲೆ ಬೀಸುವ ಕೆಲಸ ಎಸಿಬಿಯದು, ಅಂದರೆ ಭ್ರಷ್ಟಾಚಾರ ನಿಗ್ರಹ ದಳದ್ದು. 2016ರಿಂದಲೇ ಹಾಗೆ, ಮುಂದೆ 2022ರಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿತು. ಆದರೆ ಜನರ ಬಾಯಲ್ಲಿ ಅದು ಯಾವತ್ತೂ ಲೋಕಾಯುಕ್ತ ರೇಡೇ. ನೋಟಿಗೆ ಫಿನಾಫ್ತಲೀನ್ ಎಂಬ ಬಿಳಿ ಪುಡಿ ಸವರಿ ಕೊಡಿಸುತ್ತಾರೆ. ಪುಡಿ ಬೆರಳಿಗೆ ಅಂಟುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಕೈ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸೋಡಿಯಂ ಕಾರ್ಬೊನೇಟ್ ಎಂದರೆ ನಮ್ಮ ವಾಷಿಂಗ್ ಸೋಡಾನೇ, ದಿನಸಿ ಅಂಗಡಿಯಲ್ಲಿ ಸಿಕ್ಕಿತು. ಪುಡಿಯನ್ನು ಪರಿಚಯದ ಕೆಮಿಸ್ಟ್ರಿ ಲೆಕ್ಚರರ್ ಒಬ್ಬರು ಸಣ್ಣ ಪೊಟ್ಟಣದಲ್ಲಿ ಕೊಟ್ಟರು. ಹಿಂದೆ ಇದನ್ನು ಭೇದಿ ಮಾತ್ರೆಗೆ ಹಾಕುತ್ತಿದ್ದರು, ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ನಾಟಕ ಮುಗಿದ ಮೇಲೆ ಚೆನ್ನಾಗಿ ಕೈ ತೊಳೆಯಿರಿ ಅಂದರು. ಈ ಎಚ್ಚರಿಕೆಯನ್ನು ನಾನು ಮೂರು ಜನ ಪಾತ್ರಧಾರಿಗಳಿಗೆ ತಪ್ಪದೆ ತಲುಪಿಸಿದೆ.

ನವೆಂಬರ್ 1. ಬೆಳಿಗ್ಗೆ ಏಳಕ್ಕೆ ಮೇಷ್ಟ್ರು ಪೇಪರ್ ಹಿಡಿದು ಮನೆಗೇ ಬಂದರು. “ಇವತ್ತಿನದು ಒಂದು ಹಾಕು. ಇಲ್ಲಾಂದ್ರೆ ಅವರ ನೆನಪಿಗೆ ಅಂತ ಹೇಳ್ಬೇಡ.” ಈರುಳ್ಳಿ ರೇಟು ಏರುತ್ತಿದ್ದ ದಿನಗಳು. ಕಡತದಲ್ಲಿ ಇಲ್ಲದ ಮಾತು ಹೇಗೆ ಹೇಳಲಿ ಮೇಷ್ಟ್ರೇ ಅಂದೆ. ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟು ಹೊರಟುಹೋದರು.

ಧ್ವಜಾರೋಹಣ, ನಾಡಗೀತೆ, ಮುಖ್ಯ ಅತಿಥಿಗಳ ಭಾಷಣ. ಭಾಷಣ ನಿಗದಿಗಿಂತ ನಲವತ್ತು ನಿಮಿಷ ಹೆಚ್ಚಾಯಿತು, ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ. ಶಾಮಿಯಾನದ ಕೆಳಗೆ ಬಿಸಿಲಿನ ಝಳ, ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ. ನಾನು ವೇದಿಕೆಗೆ ಬಂದು ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿ ಕೂತೆ. ಕನ್ನಡಕ ಒರೆಸಿದೆ. ಮೇಡಂ “ಸಾರ್” ಅಂದರು. ನಾನು ತಲೆ ಎತ್ತಲಿಲ್ಲ. ಯಾರೂ ನಗಲಿಲ್ಲ. ಎರಡನೇ ‘ಸಾರ್’. ಇಲ್ಲ. ಬೆನ್ನಲ್ಲಿ ಬೆವರು ಇಳಿಯುತ್ತಿದೆ, ಹಿರಣ್ಣಯ್ಯನವರ ಧಾಟಿಗೆ ಹಾರಿಬಿಡೋಣವೇ ಎಂದು ನಾಲಿಗೆ ತುರಿಸುತ್ತಿದೆ. ಮೂರನೇ ‘ಸಾರ್’ಗೆ ಕಟ್ಟಕಡೆಯ ಸಾಲಿನಲ್ಲಿ ಯಾರೋ ಒಬ್ಬಳು ಹೆಂಗಸು ಕಿಸಕ್ಕೆಂದಳು. ಅವಳು ನಮ್ಮ ನೌಕರಳಲ್ಲ, ಊಟ ಬಡಿಸಲು ಬಂದವಳು. ಅವಳಿಂದ ಶುರುವಾದ ನಗೆ ಹಿಂದಿನಿಂದ ಮುಂದಕ್ಕೆ ಸಾಲುಸಾಲಾಗಿ ಬಂತು. ಸಾಹೇಬರ ಸಾಲಿಗೆ ಕೊನೆಯಲ್ಲಿ ತಲುಪಿತು.

ತೂಕದ ಮಾತು ಬಂದಾಗ ನನ್ನ ಬಾಯಿಂದ ‘ಭಾರ’ವೇ ಬಂತು. ಬೇಕೆಂದು ಅಂದದ್ದಲ್ಲ, ನಾಲಿಗೆಗೆ ಅದೇ ಅಭ್ಯಾಸವಾಗಿತ್ತು. ಆ ಗಾಬರಿಯಲ್ಲಿ ಮುಂದಿನ ಸಾಲು ಮರೆತುಹೋಯಿತು. ಮೇಡಂ ನೋಟಿನ ಕವರು ಮೇಜಿನ ಮೇಲೆ ಇಟ್ಟು ಕಾಯುತ್ತಿದ್ದಾರೆ. ಪರದೆಯ ಹಿಂದೆ ಮೇಷ್ಟ್ರು ಪ್ರಾಂಪ್ಟ್ ಮಾಡಲಿಲ್ಲ, ಮುದುಕ ಬೇಕೆಂದೇ ಸುಮ್ಮನಿದ್ದರು. “ಇದೇನಮ್ಮ, ದುಡ್ಡು?” ಅಂದೆ. “ಇದನ್ನಿಟ್ಕೊಂಡು ಏನ್ ಮಾಡ್ಲಿ? ಎರಡು ಕೆಜಿ ಈರುಳ್ಳಿ ತರೋಕಾಗಲ್ವಾ?” ಶಾಮಿಯಾನ ಹಾರಿಹೋಗುವಂತೆ ನಕ್ಕರು. ಬರೆದದ್ದಕ್ಕೆ ಅಷ್ಟು ನಗೆ ಬಂದಿರಲಿಲ್ಲ. ಮೇಡಂ ಬಿಡಲಿಲ್ಲ: “ಈರುಳ್ಳಿ ಕೊಡೋ ಯೋಗ್ಯತೆ ಇದ್ದಿದ್ರೆ ನಾನ್ಯಾಕ್ ಸಾರ್ ನಿಮ್ಮ ಹತ್ರ ಬರ್ತಿದ್ದೆ, ಸೀದಾ ಮಂತ್ರಿಗಳ ಹತ್ರ ಹೋಗ್ತಿದ್ದೆ.” ಇಷ್ಟು ಕಡತದಲ್ಲಿ ಇರಲಿಲ್ಲ. ನಾನು ಸಾಹೇಬರ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ರೇಡಿನ ದೃಶ್ಯಕ್ಕೆ ಅಟೆಂಡರ್ ನೋಟುಗಳಿಗೆ ಪುಡಿ ಹಚ್ಚಿದ್ದನಲ್ಲ, ಬೋಂಡಾಕ್ಕೆ ಹಿಟ್ಟು ಹಚ್ಚಿದ ಹಾಗೆ ಹಚ್ಚಿದ್ದ. ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಎಣಿಸಿದೆ. ನಿಜವಾದ ಟ್ರ್ಯಾಪಿನಲ್ಲಿ ಎರಡೂ ಕೈಗಳನ್ನು ಬೇರೆ ಬೇರೆ ತೊಳೆಸುತ್ತಾರೆ. ನಮ್ಮ ಹತ್ತಿರ ಇದ್ದುದು ಒಂದೇ ಗಾಜಿನ ಲೋಟ, ಸಮಯವೂ ಇಲ್ಲ. ಎಡಗೈ ಅದ್ದಿದೆ. ನೀರು ದಾಳಿಂಬೆ ರಸದ ಬಣ್ಣಕ್ಕೆ ತಿರುಗಿತು. ಅಟೆಂಡರ್ ಲೋಟವನ್ನು ಬಿಸಿಲಿಗೆ ಎತ್ತಿ ಹಿಡಿದು ಮೀಸೆ ಕುಣಿಸಿದ. ಚಪ್ಪಾಳೆ.

ಸಾಹೇಬರು ವೇದಿಕೆಗೇ ಬಂದರು. ಎಡಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದೆ. ಬಲಗೈ ಹಿಡಿದು ಗಟ್ಟಿಯಾಗಿ ಕುಲುಕಿದರು. “ಚೆನ್ನಾಗಿತ್ತು ಕಣ್ರೀ” ಎಂದು ಇನ್ನೊಂದು ಕೈಯನ್ನೂ ಸೇರಿಸಿ ಕುಲುಕಿದರು. ನನ್ನ ಕಣ್ಣು ತುಂಬಿಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಮುಖ್ಯ ಅತಿಥಿಗಳೂ ಕೈ ಕೊಟ್ಟರು. ಮ್ಯಾನೇಜರೂ ಕೊಟ್ಟರು.

ಊಟಕ್ಕೆ ಮೊದಲು ಎಲ್ಲರೂ ಹಿಂದಿನ ನಲ್ಲಿಯ ಹತ್ತಿರ ಸಾಲು ನಿಂತರು. ಅಲ್ಲಿ ಬಟ್ಟೆ ಸೋಪಿನ ಒಂದು ಬಿಲ್ಲೆ ಇಟ್ಟಿದ್ದರು. ಸಾಹೇಬರು ಮೊದಲು. ಸೋಪು ಉಜ್ಜಿದರು. ನೊರೆ ಗುಲಾಬಿಯಾಯಿತು. ಅವರು ಸೋಪಿನ ಬಿಲ್ಲೆಯನ್ನು ತಿರುಗಿಸಿ ನೋಡಿದರು. ಆಮೇಲೆ ಎರಡೂ ಅಂಗೈ ನೋಡಿಕೊಂಡರು. ಹಿಂದೆ ಇಡೀ ಕಚೇರಿ ತಟ್ಟೆ ಹಿಡಿದು ನಿಂತಿದೆ, ಒಬ್ಬರೂ ಉಸಿರು ಬಿಡುತ್ತಿಲ್ಲ. ಮೇಷ್ಟ್ರು ಮಾತ್ರ ದೂರದಲ್ಲಿ ಕಂಬಕ್ಕೆ ಒರಗಿ ಟವೆಲು ಬಾಯಿಗೆ ತುರುಕಿಕೊಂಡಿದ್ದರು.

ಸಾಹೇಬರು ನನ್ನ ಕಡೆ ತಿರುಗಿದರು.

“ಇದು ಫೈಲಲ್ಲಿ ಇರಲಿಲ್ವಲ್ರೀ.”

“ಇಲ್ಲ ಸರ್” ಅಂದೆ.

ಅವರು ಇನ್ನೊಮ್ಮೆ ಸೋಪು ಹಚ್ಚಿದರು. ಇನ್ನೂ ಕೆಂಪಾಯಿತು.